ಶನಿವಾರ ಎರಡು ಗಂಟೆಯ ದಾನಮ್ಮ

ಇಪ್ಪತ್ತೆರಡು ವರ್ಷ ನಮ್ಮ ಇಂಜಿನಿಯರಿಂಗ್ ಕಾಲೇಜಿಗೆ ನಾನು ಟೈಂಟೇಬಲ್ ಹಾಕಿದ್ದೇನೆ; ಒಂದೇ ಒಂದು ಕ್ಲಾಶ್ ಆಗಿಲ್ಲ. ಒಂದು ಕೋಣೆಗೆ ಎರಡು ಸೆಕ್ಷನ್ನುಗಳು ಬಂದು ಬಾಗಿಲಲ್ಲಿ ಮುಖಾಮುಖಿಯಾದದ್ದು ನನ್ನ ಕಾಲದಲ್ಲಿ ಇಲ್ಲವೇ ಇಲ್ಲ. ಪುಟ್ಟೇನಹಳ್ಳಿ ಕೆರೆಯ ಕೊಕ್ಕರೆಗಳು ನನ್ನ ಚಾರ್ಟು ನೋಡಿಕೊಂಡೇ ಮೀನಿಗೆ ಇಳಿಯುತ್ತಿದ್ದವು. ನೀವು ನಂಬಬೇಕಾಗಿಲ್ಲ, ಆದರೆ ಅವು ಒಂದು ದಿನವೂ ತಡವಾಗಿ ಇಳಿದದ್ದಿಲ್ಲ.

ನಾನು ಕಲಿಸುತ್ತಿದ್ದದ್ದು ಡ್ರಾಯಿಂಗ್. ಹುಡುಗರು ನನ್ನನ್ನು ಡ್ರಾಯಿಂಗ್ ಸೀನು ಅನ್ನುತ್ತಿದ್ದರು. ಅಧಿಕಾರವೆಲ್ಲ ಇದ್ದದ್ದು ಮಾತ್ರ ಆ ಚಾರ್ಟಿನಲ್ಲಿ. ಹುಡುಗರು ತಾವೇ ಆರಿಸಿಕೊಳ್ಳುವ ಎಲೆಕ್ಟಿವ್ ಪೇಪರುಗಳಲ್ಲಿ ಪ್ರಿನ್ಸಿಪಾಲರಿಗೆ ಬೇಡವಾದದ್ದನ್ನು ನಾನು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಹಾಕಿಬಿಡುತ್ತಿದ್ದೆ. ಬೇರೆ ವಿಷ ಬೇಕಾಗಿರಲಿಲ್ಲ. ಹುಡುಗರು ಸಿನಿಮಾಕ್ಕೆ ಹೋಗುತ್ತಿದ್ದರು, ಪೇಪರು ತಾನಾಗಿ ಕಣ್ಣು ಮುಚ್ಚುತ್ತಿತ್ತು. ಹೀಗೆ ಹನ್ನೊಂದನ್ನು ನಾನೇ ಸಾಗಹಾಕಿದ್ದೇನೆ.

ಹನ್ನೆರಡನೆಯದನ್ನು ತಂದವರು ದಾನಮ್ಮ. ಎರಡು ಸಾವಿರದ ಮೂರರ ಜುಲೈ. ಸಿಂದಗಿ ಕಡೆಯವರು; ಬಿಟಿಎಂ ಲೇಔಟಿನಲ್ಲಿ ಯಾರದೋ ತಾರಸಿ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಆಳು ಸಣ್ಣದು, ದನಿ ಹುಳಿಮಾವಿನವರೆಗೆ ಮುಟ್ಟುವಂಥದ್ದು. ಪೇಪರಿನ ಹೆಸರು ಫಂಕ್ಷನಲ್ ಪ್ರೋಗ್ರಾಮಿಂಗ್, ಅದರ ಕಂಪ್ಯೂಟರ್ ಭಾಷೆ ಹ್ಯಾಸ್ಕೆಲ್. ಗುಲ್ಬರ್ಗದಲ್ಲಿ ಜೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿದ ಒಂದೇ ಪುಸ್ತಕ ಅವರ ಬಳಿ ಇತ್ತು. ತಲೆಯ ಕೆಳಗೆ ಇಟ್ಟರೆ ದಿಂಬು, ಮೇಲಿಂದ ಬಿದ್ದರೆ ಪೊಲೀಸ್ ಕೇಸು.

ನಮ್ಮ ಪ್ರಿನ್ಸಿಪಾಲ್ ಶಂಭುಲಿಂಗಪ್ಪನವರು ಮೊದಲ ದಿನವೇ ಕರೆಸಿದರು. ನಾನೂ ಅಲ್ಲೇ ಇದ್ದೆ.

"ನೋಡಮ್ಮ, ಕ್ಯಾಂಪಸ್ಸಿಗೆ ಬರೋ ಒಂದು ಕಂಪನೀನೂ ಇದನ್ನ ಕೇಳಲ್ಲ. ಜಾವಾ ಕೇಳ್ತಾರೆ. ಜಾವಾ ಹೇಳ್ಕೊಡಿ."

"ಕಂಪನಿಗೆ ಬೇಕಾದ್ದನ್ನ ಕಂಪನಿಯವ್ರs ಕಲಸ್ತಾರ್ರಿ ಸರ, ಪಗಾರ ಕೊಟ್ಟು. ಅವ್ರು ಕಲಸಲಾರದ್ದನ್ನ ನಾವು ಕಲಸೂಣು."

ಶಂಭುಲಿಂಗಪ್ಪನವರ ಕನ್ನಡಕ ತಾನಾಗಿ ಒಂದು ಅಂಗುಲ ಕೆಳಗಿಳಿಯಿತು. ನಿಯಮ ಓದಿ ಹೇಳಿದರು: ಆಗಸ್ಟ್ ಕೊನೆಯ ಶನಿವಾರದ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಹದಿನೈದು ಹೆಸರು ಇರಬೇಕು. ಇಲ್ಲದಿದ್ದರೆ ಪೇಪರು ರದ್ದು. ಆ ಪೇಪರಿಗೆಂದೇ ತೆಗೆದುಕೊಂಡ ದಾನಮ್ಮನೂ ರದ್ದು. ಆಮೇಲೆ ನನ್ನ ಕಡೆ ನೋಡಿದರು. ನಾನು ಚೀಟಿಯಲ್ಲಿ ಶನಿವಾರ ಎರಡು ಗಂಟೆ ಎಂದು ಬರೆದೆ. ಕೋಣೆಯೂ ತಾರಸಿಯ ಶೀಟಿನ ಕೆಳಗಿನದು, ಮೊಟ್ಟೆ ಇಟ್ಟರೆ ಮರಿಯಾಗುವಂಥದ್ದು.

ದಾನಮ್ಮ ಚೀಟಿ ನೋಡಿದರು. "ಶನಿವಾರ ಚಲೋ ಆತ್ ಬಿಡ್ರಿ ಸರ. ಮನಸ್ಸಿಲ್ಲದವ್ರು ಯಾರೂ ಬರಂಗಿಲ್ಲ."

ಮನಸ್ಸಿದ್ದವರು ಆರು ಜನ ಬಂದರು. ಆ ಆರು ಜನರನ್ನೂ ದಾನಮ್ಮ ಎರಡನೆಯ ಶನಿವಾರ ಕೋಣೆಯಿಂದ ಎಬ್ಬಿಸಿ ಜೆ.ಪಿ. ನಗರದ ಒಂದು ದರ್ಶಿನಿಗೆ ಕರೆದುಕೊಂಡು ಬಂದರು. ನಾನು ಮೂಲೆಯ ಕಟ್ಟೆಯ ಬಳಿ ಮಸಾಲೆ ದೋಸೆ ಮುಂದಿಟ್ಟುಕೊಂಡು ನಿಂತಿದ್ದೆ. ಕಾಲೇಜಿನ ವೇಳೆಯಲ್ಲಿ ಅಲ್ಲೇಕೆ ಇದ್ದೆ ಎಂಬ ಪ್ರಶ್ನೆ ನಿಮಗೆ ಬಂದಿದ್ದರೆ ಸದ್ಯಕ್ಕೆ ಹಾಗೇ ಇಟ್ಟುಕೊಂಡಿರಿ.

ಕೌಂಟರಿನವನು "ಪಾರ್ಸಲ್!" ಎಂದು ಕೂಗಿದ. ಒಳಗೆ ಒಬ್ಬ ಇಡ್ಲಿಯನ್ನು ಬಾಳೆ ಎಲೆಗೆ ಹಾಕಿ ಪೇಪರು ಸುತ್ತಿದ. ಇನ್ನೊಬ್ಬ ಸಾಂಬಾರನ್ನು ಕವರಿಗೆ ಸುರಿದು ದಾರ ಬಿಗಿದ.

"ಏನ್ ನೋಡಿದ್ರಿ?" ಎಂದರು ದಾನಮ್ಮ.

"ಹಸಿವಾಗ್ತಿದೆ ಮೇಡಂ," ಎಂದ ಶಶಿಧರ್ ಎಂಬ ಉದ್ದನೆಯ ಹುಡುಗ.

"ಆಮ್ಯಾಲೆ ತಿನ್ನುವಂತಿ. ಕೌಂಟರಿನಾಂವ ಅಂದದ್ದು ಒಂದs ಮಾತು, ಪಾರ್ಸಲ್. ಇಡ್ಲಿ ಕಟ್ಟೂದು ಒಂದ್ ರೀತಿ, ಸಾಂಬಾರ ಕಟ್ಟೂದು ಇನ್ನೊಂದ್ ರೀತಿ. ಕೌಂಟರಿನಾಂವಗ ಅದು ಗೊತ್ತಿರಬೇಕಂತಿಲ್ಲ. ಪಾರ್ಸಲ್ ಅನ್ನೂದು ಟೈಪ್ ಕ್ಲಾಸ್. ಇಡ್ಲಿ, ಸಾಂಬಾರು ಟೈಪುಗಳು. ಕ್ಲಾಸಿಗೆ ಸೇರಬೇಕಂದ್ರ 'ನನ್ನ ಹಿಂಗ ಕಟ್ರಿ' ಅಂತ ಬರದ ಕೊಡಬೇಕು. ಬರದ ಕೊಟ್ಟದ್ದಕ್ಕ ಇನ್‌ಸ್ಟೆನ್ಸ್ ಅಂತಾರ."

ಹೇಮಶ್ರೀ ಎಂಬ ಹುಡುಗಿ ಬಿಡಲಿಲ್ಲ. "ಜಾವಾದಲ್ಲಿ ಇನ್ಹೆರಿಟೆನ್ಸ್ ಇದೆಯಲ್ಲಾ ಮೇಡಂ, ಅದೂ ಇದೇ ಅಲ್ವಾ?"

"ಅಲ್ಲಿ ನಿಮ್ಮಪ್ಪ ಯಾರು ಅಂತ ಕೇಳತಾರ. ಇಲ್ಲಿ ನಿನಗೇನ್ ಬರ್ತದ ಅಂತ ಕೇಳತಾರ."

ನನ್ನ ದೋಸೆ ಅರ್ಧದಲ್ಲಿ ನಿಂತಿತು. ದಾನಮ್ಮ ಕೌಂಟರಿಗೆ ಹೋಗಿ, "ಅಣ್ಣಾ, ಒಂದ್ ಕಾಫಿ ಪಾರ್ಸಲ್," ಎಂದರು.

"ಕಾಫಿಗೆ ಪಾರ್ಸಲ್ ಇಲ್ಲ ಮೇಡಂ."

"ಕೇಳಿದ್ರ್ಯಾ? ನಾವು ಬರದ ಪ್ರೋಗ್ರಾಂ ಓದೂ ಕಂಪೈಲರ್ ಹಿಂಗs ಅಂತದ. ಇನ್‌ಸ್ಟೆನ್ಸ್ ಇಲ್ಲಂದ್ರ ಸುಮ್ನ ಹ್ಞೂಂ ಅನ್ನಂಗಿಲ್ಲ." ಚೀಲದಿಂದ ಒಂದು ಸ್ಟೀಲ್ ಫ್ಲಾಸ್ಕ್ ತೆಗೆದರು. "ಈಗ?"

"ಇದ್ರಲ್ಲಾದ್ರೆ ಹಾಕ್ಕೊಡ್ತೀನಿ, ಕೊಡಿ."

"ಬರದ್ವಿ ಇನ್‌ಸ್ಟೆನ್ಸ್. ಅಡಗಿ ಮನಿ ಕೆಡವಲಿಲ್ಲ, ಇಡ್ಲಿ ಮುಟ್ಟಲಿಲ್ಲ. ಹೊಸಬ ಬಂದು ಕ್ಲಾಸಿಗೆ ಸೇರ್ಕೊಂಡ."

ಆ ಫ್ಲಾಸ್ಕಿನ ಸುದ್ದಿ ಹಾಸ್ಟೆಲಿಗೆ ಮುಟ್ಟಿತು. ಮೂರನೆಯ ಶನಿವಾರಕ್ಕೆ ಹತ್ತು, ನಾಲ್ಕನೆಯದಕ್ಕೆ ಹದಿನಾಲ್ಕು. ಸಿನಿಮಾ ಥಿಯೇಟರಿನವರು ನನ್ನ ಮೇಲೆ ಕೇಸು ಹಾಕುತ್ತಾರೇನೋ ಎಂದು ಭಯವಾಯಿತು. ಆದರೆ ಹದಿನಾಲ್ಕಕ್ಕೆ ನಿಂತಿತು. ಕೊನೆಯ ವಾರ ಶಂಭುಲಿಂಗಪ್ಪನವರು ರದ್ದತಿಯ ಕಾಗದ ಟೈಪ್ ಮಾಡಿಸಿಟ್ಟರು.

"ಒಂದು ಹೆಸರು ಕಮ್ಮಿ ಸರ, ಒಂದು," ಎಂದರು ದಾನಮ್ಮ.

"ನಿಯಮ ನಿಯಮಾನೇ. ಇದರಿಂದ ಈ ಕಾಲೇಜಿಗೆ ಮೂರು ಕಾಸಿನ ಉಪಯೋಗ ಆದದ್ದು ಏನಾದ್ರೂ ತೋರ್ಸಿ ನೋಡೋಣ."

"ಟೈಂಟೇಬಲ್ ಕೊಡ್ರಿ. ನನ್ನ ಹುಡುಗ್ರು ತಪ್ಪು ಹುಡಕ್ತಾರ."

ನಾನು ನಕ್ಕ ನಗುವಿಗೆ ಗೋಡೆಯ ಗಡಿಯಾರ ಐದು ನಿಮಿಷ ಹಿಂದೆ ಹೋಯಿತು. "ನನ್ನ ಟೈಂಟೇಬಲ್‌ನಲ್ಲಿ ತಪ್ಪಾ? ಒಂದು, ಒಂದೇ ಒಂದು ಕ್ಲಾಶ್ ತೋರ್ಸಿಬಿಡಿ ದಾನಮ್ಮ, ಹದಿನೈದನೇ ಹೆಸರು ನನ್ನದೇ ಬರ್ಕೊಳಿ. ನಾನೇ ಬಂದು ಬೆಂಚ್ ಮೇಲೆ ಕೂತ್ಕೋತೀನಿ."

"ಸರ, ನೀವು ಕೇಳಿದ್ರಿಲ್ಲ?" ಎಂದು ದಾನಮ್ಮ ಪ್ರಿನ್ಸಿಪಾಲರ ಕಡೆ ತಿರುಗಿದರು.

"ಕೇಳ್ದೆ. ನಾನು ಒಪ್ಪಿದೀನಿ," ಎಂದರು ಶಂಭುಲಿಂಗಪ್ಪನವರು. ಅವರಿಗೂ ನನ್ನ ಚಾರ್ಟಿನ ಮೇಲೆ ಅಷ್ಟು ನಂಬಿಕೆ.

ಕೊನೆಯ ಶನಿವಾರ, ಎರಡು ಗಂಟೆ. ಶೀಟಿನ ಕೆಳಗೆ ಒಂದು ಕಂಪ್ಯೂಟರಿನ ಸುತ್ತ ನಾವೆಲ್ಲ ಬೇಯುತ್ತಾ ನಿಂತೆವು. ಹುಡುಗರು 'ಡಿಕ್ಕಿ' ಎಂಬ ಟೈಪ್ ಕ್ಲಾಸ್ ಬರೆದಿದ್ದರು. ಟೈಂಟೇಬಲ್ಲಿನಲ್ಲಿ ಇರುವುದು ಯಾವುದೇ ಆಗಲಿ, ತನಗೆ ಡಿಕ್ಕಿ ಎಂದರೆ ಏನೆಂದು ಅದು ಬರೆದು ಕೊಟ್ಟರೆ ಸಾಕು, ಹುಡುಕುವ ಪ್ರೋಗ್ರಾಂ ಒಂದೇ. ಅದನ್ನು ಮೊದಲು ಕೋಣೆಗಳಿಗೆ ಓಡಿಸಿದರು: ತಪ್ಪಿಲ್ಲ. ಸೆಕ್ಷನ್ನಿಗೆ ಓಡಿಸಿದರು: ತಪ್ಪಿಲ್ಲ. ನಾನು ಮೀಸೆ ತಿರುವಿದೆ. ಮೇಷ್ಟ್ರುಗಳಿಗೆ ಓಡಿಸಿದಾಗ ಕಂಪ್ಯೂಟರು ಇನ್‌ಸ್ಟೆನ್ಸ್ ಇಲ್ಲ ಎಂದು ಬರೆದು ಸುಮ್ಮನಾಯಿತು.

"ಕೈ ಎತ್ತಿಬಿಡ್ತಲ್ಲಮ್ಮ ನಿಮ್ಮ ಮಷೀನು!" ಎಂದು ಪ್ರಿನ್ಸಿಪಾಲರು ಜೇಬಿನಿಂದ ಕಾಗದ ತೆಗೆದರು.

ದಾನಮ್ಮ ಹೇಮಶ್ರೀಯ ಕಡೆ ನೋಡಿದರು. "ಮಾಸ್ತರದ್ಯಾಕ ಬರದಿಲ್ಲವಾ?"

ಹುಡುಗಿ ನೆಲ ನೋಡಿದಳು. "ಮೇಷ್ಟ್ರುಗಳು ಡಿಕ್ಕಿ ಹೊಡೀತಾರೆ ಅಂತ ಹೆಂಗ್ ಬರೆಯೋದು ಮೇಡಂ? ಮರ್ಯಾದೆ ಇರಲ್ಲ ಅಂತ ಬಿಟ್ವಿ."

"ಪಾಪ, ಒಳ್ಳೆ ಮಕ್ಕಳು," ಎಂದೆ ನಾನು ಅವಸರದಿಂದ. "ಅದೊಂದು ಬಿಟ್ಬಿಡಿ ದಾನಮ್ಮ. ಕೋಣೆ ಆಯ್ತು, ಸೆಕ್ಷನ್ ಆಯ್ತು, ಸಾಕು. ಬಿಸಿಲು ಬೇರೆ."

"ಇಲ್ರಿ ಸರ. ಫ್ಲಾಸ್ಕ್ ತರೂಣು." ಕೀಬೋರ್ಡಿನ ಮುಂದೆ ತಾವೇ ಕೂತರು. ಒಂದೇ ಹೊತ್ತಿಗೆ ಎರಡು ಕೋಣೆಯಲ್ಲಿ ಇದ್ದರೆ ಮೇಷ್ಟ್ರಿಗೆ ಅದು ಡಿಕ್ಕಿ. ಎರಡು ಸಾಲು, ಅಷ್ಟೆ. ಮತ್ತೆ ಓಡಿಸಿದರು.

ಪರದೆಯ ಮೇಲೆ ಒಂದೇ ಸಾಲು ಬಂತು: ಸೀನು, ಶನಿವಾರ ಎರಡು ಗಂಟೆ, ಕೋಣೆ ಹನ್ನೆರಡು, ಕೋಣೆ ಮೂವತ್ತೊಂದು.

ಆರು ವರ್ಷದಿಂದ ಹಾಗೇ ಇತ್ತು. ಎ ಸೆಕ್ಷನ್ನಿನವರು ನಾನು ಬಿ ಸೆಕ್ಷನ್ನಿನಲ್ಲಿದ್ದೇನೆ ಎಂದುಕೊಂಡು ಗೆರೆ ಎಳೆಯುತ್ತಿದ್ದರು, ಬಿ ಸೆಕ್ಷನ್ನಿನವರು ಎ ಸೆಕ್ಷನ್ನಿನಲ್ಲಿದ್ದೇನೆ ಎಂದುಕೊಂಡು. ನಾನು ದರ್ಶಿನಿಯಲ್ಲಿರುತ್ತಿದ್ದೆ. ಕೋಣೆಗೆ ಕೋಣೆ ಗುದ್ದಿರಲಿಲ್ಲ, ಸೆಕ್ಷನ್ನಿಗೆ ಸೆಕ್ಷನ್ ಗುದ್ದಿರಲಿಲ್ಲ. ನನ್ನನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಶಂಭುಲಿಂಗಪ್ಪನವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದರು. ಅವರು ಮಾತಿಗೆ ತಪ್ಪುವವರಲ್ಲ. ಆ ಪೇಪರು ಮುಂದೆ ಏಳು ವರ್ಷ ನಡೆಯಿತು, ಒಮ್ಮೆಯೂ ಶನಿವಾರದಿಂದ ಕದಲಲಿಲ್ಲ. ಕದಲಿಸುತ್ತೇನೆಂದರೂ ದಾನಮ್ಮ ಒಪ್ಪಲಿಲ್ಲ.

ಆದರೆ ಅವತ್ತು, ಹಾಜರಿ ಪುಸ್ತಕ ನನ್ನ ಮುಂದೆ ಬಂದಾಗ, ಕೊನೆಯ ಪ್ರಯತ್ನ ಮಾಡಿದೆ.

"ದಾನಮ್ಮ, ನೀವೇ ನೋಡಿದ್ರಲ್ಲ. ಶನಿವಾರ ಎರಡು ಗಂಟೆಗೆ ನನಗೆ ಆಗ್ಲೇ ಎರಡು ಕ್ಲಾಸಿದೆ. ಹೆಂಗಮ್ಮ ಬರ್ಲಿ?"

ದಾನಮ್ಮ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು.

"ಅವೆರಡಕ್ಕೂ ಹೋಗಲಾರದ ರೂಢಿ ಅದ ಅಲ್ರೀ ಸರ. ಇದೊಂದಕ್ಕರ ಬರ್ರಿ."