ತಲೆ ಬಾಚುವ ಮುದುಕಿಯ ಸಿನಿಮಾ

ದಸರಾ ರಜೆಗೆ ಅಕ್ಕನ ಮಗಳು ಕನಕಪುರದಿಂದ ಕೈಲಾಂಚದ ನಮ್ಮ ಮನೆಗೆ ಬಂದಿದ್ದಳು. ಆರು ವರ್ಷ. ರಾಮನಗರದ ಟಾಕೀಸಿನಲ್ಲಿ ರಜೆಗೆಂದೇ ಒಂದು ದೆವ್ವದ ಸಿನಿಮಾ ಹಾಕಿದ್ದರು. ನೋಡಲೇಬೇಕು ಅಂತ ಹಟ ಹಿಡಿದಳು. ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮೊದ್ಲು ನೀನು ನೋಡ್ಬುಟ್ಟು ಬಾ. ಮಗೀಗೆ ಆಯ್ತದೆ ಅನ್ಸಿದ್ರೆ ಮಾತ್ರ ಕರ್ಕೊಂಡೋಗು."

ನೋಡಿಕೊಂಡೇ ಬಂದೆ. ನನ್ನ ಪ್ರಕಾರ ರಕ್ತ ಇರಬಾರದು, ಮಚ್ಚು ಇರಬಾರದು, ಕೆಟ್ಟ ಮಾತು ಇರಬಾರದು. ಯಾವುದೂ ಇರಲಿಲ್ಲ. ದೆವ್ವ ಅಂದರೆ ಒಬ್ಬ ಮುದುಕಿ, ಬಿಳಿ ಕೂದಲು ಬಿಚ್ಚಿಕೊಂಡು ಕೂತು, "ಬಾ ಮಗಾ, ತಲೆ ಬಾಚ್ತೀನಿ" ಅಂತ ಮಕ್ಕಳನ್ನು ಕರೆಯುವವಳು. ನನಗೆ ನಗು ತಡೆಯೋಕಾಗಲಿಲ್ಲ. "ಏನಿಲ್ಲ ಕಣಕ್ಕ, ಬರೀ ಕಾಮಿಡಿ ಐತೆ" ಅಂದುಬಿಟ್ಟೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತೆ.

ಮ್ಯಾಟಿನಿಗೆ ಕರೆದುಕೊಂಡು ಹೋದೆ. ಮಗು ಅಳಲಿಲ್ಲ, ಕಿರುಚಲಿಲ್ಲ. ಪಾಪ್‌ಕಾರ್ನ್ ಪೊಟ್ಟಣ ಹಿಡಿದದ್ದು ಹಿಡಿದ ಹಾಗೇ ಇತ್ತು, ಒಂದು ಕಾಳೂ ತಿಂದಿರಲಿಲ್ಲ. ನಾನದನ್ನು ಧೈರ್ಯ ಅಂದುಕೊಂಡೆ. ವಾಪಸು ಬರುವಾಗ ಸ್ಕೂಟರಿನಲ್ಲಿ ಶಹಬ್ಬಾಸ್ ಅಂತ ಬೇರೆ ಹೇಳಿದೆ.

ಮರುದಿನ ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಜಗಲಿಯ ಬಿಸಿಲಲ್ಲಿ ಕೂದಲು ಹರವಿಕೊಂಡು ಕೂತಿದ್ದಳು. ಪಕ್ಕದಲ್ಲಿ ಹರಳೆಣ್ಣೆ, ಬಾಚಣಿಗೆ. ರಜೆ ಬಂತೆಂದರೆ ಮೊಮ್ಮಗಳ ಜಡೆ ಹೆಣೆಯೋದು ಅವಳದೇ ಕೆಲಸ, ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಆ ಎರಡು ಜಡೆಗಾಗಿ ವರ್ಷವೆಲ್ಲ ಕಾಯುತ್ತಿದ್ದವಳು. "ಬಾ ಮಗಾ, ತಲೆ ಬಾಚ್ತೀನಿ" ಅಂದಳು.

ಮಗು ಚೀರಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು. ನನ್ನ ಕಾಲು ತಬ್ಬಿಕೊಂಡು, "ಮಾಮಾ, ಅಜ್ಜಿ ಬ್ಯಾಡ, ಅಮ್ಮನ ಹತ್ರ ಹೋಗಣ" ಅಂತ ಒಂದೇ ಸಮ. ಅವ್ವ ಗಾಬರಿಯಲ್ಲಿ ತುರುಬು ಕಟ್ಟಿ, ತಲೆ ತುಂಬ ಸೆರಗು ಹೊದ್ದು, ಬೆಲ್ಲದ ಚೂರು ಹಿಡಿದು ಬಂದಳು. ಹತ್ತಿರ ಬಂದಷ್ಟೂ ಅಳು ಜೋರಾಯಿತು. "ನಾನೇನ್ಲಾ ಮಾಡ್ದೆ ಮಗೀಗೆ?" ಅಂತ ನನ್ನ ಮುಖ ನೋಡಿದಳು.

ಆಗಲೇ ಬಾಯಿ ಬಿಡಬೇಕಿತ್ತು. ಅಕ್ಕನಿಗೆ ಗೊತ್ತಾದರೆ ಗ್ರಹಚಾರ ಬಿಡಿಸುತ್ತಾಳೆ ಅಂತ ಹೆದರಿ, "ಅವರಮ್ಮನ ನೆಪ್ಪಾಗೈತೆ, ಬುಡವ್ವ" ಅಂದೆ. ಅವ್ವ ನಂಬಲಿಲ್ಲ. ತನ್ನಿಂದಲೇ ಏನೋ ತಪ್ಪಾಗಿದೆ ಅಂದುಕೊಂಡಳು, ಇವತ್ತಿಗೂ ಹಾಗೇ ಅಂದುಕೊಂಡಿದ್ದಾಳೆ. ನಾನಿನ್ನೂ ನಿಜ ಹೇಳಿಲ್ಲ. ನಾಚಿಕೆಯಾಗಬೇಕು ನನಗೆ.

ಮಗುವನ್ನು ಕನಕಪುರಕ್ಕೆ ಬಿಟ್ಟುಬರೋದು ಅಂತಾಯಿತು. ಅದರ ಬಟ್ಟೆಯನ್ನೆಲ್ಲ ಅವ್ವನೇ ಮಡಚಿ ಬ್ಯಾಗಿಗೆ ತುಂಬಿದಳು. ಸ್ಕೂಟರ್ ಸ್ಟಾರ್ಟ್ ಮಾಡಿ ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ. "ಅವ್ವ, ಹೊಂಟ್ವಿ, ಬಾ ಒಸಿ" ಅಂತ ಕೂಗಿದೆ.

"ನಾ ಈಚೆಗೆ ಬಂದ್ರೆ ಮಗ ಹೆದ್ರಕತದೆ" ಅಂದಳು ಕದದ ಹಿಂದಿನಿಂದ. "ನೀವು ಹೊಂಡಿ."