ಇಬ್ಬರು ಸೊಸೆಯರ ಕಥೆ ಓದಿಸಿದವರು

ಪುಸ್ತಕಗಳನ್ನು ಜೋಪಾನ ಮಾಡಿದ ಗ್ರಂಥಪಾಲಕರು ಅನೇಕರಿದ್ದಾರೆ. ಅವನ್ನು ಕಪಾಟಿನಿಂದ ಇಳಿಸಿ ಜನರ ಬಾಯಿಗೆ ಬರುವಂತೆ ಮಾಡಿದವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಗ್ರಂಥಪಾಲಕಿಯವರು ಆ ವಿರಳರ ಸಾಲಿಗೆ ಸೇರಿದವರು. ಸದ್ದು ಮಾಡಬಾರದೆಂಬ ಫಲಕದ ಕೆಳಗೇ ಕುಳಿತು ಗಟ್ಟಿಯಾಗಿ ಓದಿಸುತ್ತಿದ್ದ ಅವರಿಗೆ ಸಹೋದ್ಯೋಗಿಗಳು ‘ಸದ್ದಮ್ಮ’ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಅವರು ನಕ್ಕು ಸುಮ್ಮನಾಗಿದ್ದರು.

ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೋಣೆಯಲ್ಲಿ ಸಹಾಯಕಿಯಾಗಿ ಸೇವೆ ಆರಂಭಿಸಿದ ಅವರು, ಕಣ್ಣು ಮಂಜಾದ ಬಸ್ ಚಾಲಕರೊಬ್ಬರಿಗೆ ತಮ್ಮ ಊಟದ ಬಿಡುವಿನಲ್ಲಿ ಪತ್ರಿಕೆ ಓದಿ ಹೇಳುತ್ತಿದ್ದುದನ್ನು ಬಲ್ಲವರು ಇಂದಿಗೂ ನೆನೆಯುತ್ತಾರೆ. ಎಲ್ಲರೂ ಸೇರಿ ಗಟ್ಟಿಯಾಗಿ ಓದುವ ಕೂಟವೊಂದನ್ನು ಕಟ್ಟುವ ಹಂಬಲ ಹುಟ್ಟಿದ್ದೇ ಅಲ್ಲಿ. ಕೂಟಕ್ಕೆ ಅವರು ಮಾಡಿದ ನಿಯಮ ಒಂದೇ: ಯಾರೂ ಬರಿದೆ ಕೇಳುತ್ತ ಕೂರುವಂತಿಲ್ಲ, ಪ್ರತಿಯೊಬ್ಬರೂ ಒಂದು ಪಾತ್ರದ ಮಾತನ್ನು ತಮ್ಮದೇ ಎಂಬಂತೆ ಓದಬೇಕು.

ಮೊದಲ ಓದಿಗೆ ಅವರು ಆರಿಸಿದ್ದು ಪ್ರಾಚೀನ ಯಹೂದಿ ಧರ್ಮಗ್ರಂಥದ ಕಥೆ. ಪರನಾಡಿನಲ್ಲಿ ಗಂಡನನ್ನೂ ಗಂಡುಮಕ್ಕಳನ್ನೂ ಕಳೆದುಕೊಂಡ ಅತ್ತೆ ತನ್ನೂರಿಗೆ ಹೊರಟಾಗ, ಇಬ್ಬರು ಸೊಸೆಯರಿಗೂ ನಿಮ್ಮ ತಾಯಿಮನೆಗೆ ಹೋಗಿರೆನ್ನುತ್ತಾಳೆ. ಒಬ್ಬಳು ಅತ್ತು ಹಿಂತಿರುಗುತ್ತಾಳೆ; ಇನ್ನೊಬ್ಬಳು ಬಿಡದೆ ಜೊತೆಗೆ ನಡೆಯುತ್ತಾಳೆ. ಅಂದು ಬಂದವರಲ್ಲಿ ಆಗಷ್ಟೇ ಮಗನನ್ನು ಕಳೆದುಕೊಂಡ ದರ್ಜಿಯಮ್ಮನೂ ಅವರ ಸೊಸೆಯೂ ಇದ್ದರು. ಒಂದೇ ಸೂರಿನಡಿ ಇದ್ದರೂ ಅವರಿಬ್ಬರ ನಡುವೆ ಮಾತಿರಲಿಲ್ಲ. ಕಥೆ ಅವರನ್ನು ಒಂದು ಮಾಡೀತೆಂದು ನಂಬಿದ ಗ್ರಂಥಪಾಲಕಿಯವರು ದರ್ಜಿಯಮ್ಮನಿಗೆ ಅತ್ತೆಯ ಮಾತನ್ನೂ, ಸೊಸೆಗೆ ಜೊತೆಗೆ ಹೋಗುವವಳ ಮಾತನ್ನೂ ಹಂಚಿದರು.

ದರ್ಜಿಯಮ್ಮ, ಹಿಂತಿರುಗಿ ಹೋಗೆಂಬ ಮಾತನ್ನು ತಡವರಿಸುತ್ತಲೇ ಓದಿ ಮುಗಿಸಿದರು. ಸೊಸೆ ಮಾತ್ರ ಓದಲಿಲ್ಲ.

“ಮೇಡಂ, ನಂಗೆ ಇನ್ನೊಬ್ಬಳ ಪಾತ್ರ ಕೊಡಿ,” ಎಂದಳು.

“ಅವಳಿಗೆ ಹೆಚ್ಚು ಮಾತೇ ಇಲ್ವಲ್ಲಮ್ಮ. ಅತ್ತೆಗೆ ಮುತ್ತು ಕೊಟ್ಟು ಹೊರಟುಬಿಡ್ತಾಳೆ.”

“ಅಷ್ಟೇ ಸಾಕು.”

ಎದ್ದು ಬಂದು ಅತ್ತೆಯ ಕೆನ್ನೆಗೆ ಮುತ್ತಿಟ್ಟಳು. ಆ ವಾರವೇ ಗಂಟುಮೂಟೆ ಕಟ್ಟಿ ತಾಯಿಮನೆಗೆ ಹೊರಟುಹೋದಳು.

ಕೂಟ ಮುಂದೆ ಎಷ್ಟೋ ಕಥೆಗಳನ್ನು ಓದಿತು, ಅದೊಂದನ್ನು ಬಿಟ್ಟು. “ಊರಿಗೆಲ್ಲ ಬುದ್ಧಿ ಹೇಳೋಕೆ ಹೋಗಿ ಒಂದು ಮನೆ ಒಡೆದೆ,” ಎಂದು ಗ್ರಂಥಪಾಲಕಿಯವರು ಹಲುಬುತ್ತಿದ್ದರು. ಸಮಾಧಾನ ಹೇಳಿದವರಿಗೆ ಲೆಕ್ಕವಿಲ್ಲ. ಆ ಸಮಾಧಾನ ಗ್ರಂಥಪಾಲಕಿಯವರ ಮನಸ್ಸಿಗೆ ನಾಟಲೇ ಇಲ್ಲ. ಕಥೆಯಲ್ಲಿ ಇಬ್ಬರು ಸೊಸೆಯರಿದ್ದರೂ ತಾವು ಒಬ್ಬಳನ್ನೇ ಕಂಡೆವೆಂಬ ಪಶ್ಚಾತ್ತಾಪ ಅವರನ್ನು ಸೇವೆಯುದ್ದಕ್ಕೂ ಕಾಡಿತು.

ಮೊನ್ನೆ ಅವರು ಮೇಜು ಖಾಲಿ ಮಾಡುತ್ತಿದ್ದಾಗ, ಈಗ ನಡು ಬಾಗಿರುವ ದರ್ಜಿಯಮ್ಮ ಬಂದು ಕುಳಿತರು. “ನೀವು ಹೋಗೋಕೆ ಮುಂಚೆ ಆ ಕಥೆ ಮುಗಿಸಿಬಿಡಿ ಮೇಡಂ.” ಗ್ರಂಥಪಾಲಕಿಯವರು ಓದಿದರು. ಸುಗ್ಗಿ ಬಂತು, ಜೊತೆಗೆ ಬಂದ ಸೊಸೆಗೆ ಮರುಮದುವೆಯಾಯಿತು, ಅತ್ತೆಯ ಮಡಿಲಿಗೆ ಕೂಸು ಬಂತು.

“ಹಿಂತಿರುಗಿ ಹೋದ್ಲಲ್ಲ, ಆ ಇನ್ನೊಬ್ಬಳು? ತಾಯಿಮನೇಲಿ ಸುಖವಾಗಿದ್ಲಾ? ಏನಾದ್ರೂ ಬರೆದಿದ್ಯಾ?”

“ಇಲ್ಲಮ್ಮ. ಒಂದು ಸಾಲೂ ಇಲ್ಲ.”

ದರ್ಜಿಯಮ್ಮ ಮೇಜು ಹಿಡಿದು ಎದ್ದರು. “ಹಾಗಾದ್ರೆ ನಮ್ಮವಳನ್ನೇ ಹೋಗಿ ಕೇಳ್ಬೇಕು. ಒಬ್ಬಳೇ ಹೋಗೋಕೆ ಧೈರ್ಯ ಸಾಲದು, ನೀವೂ ಬನ್ನಿ.”

ನಿವೃತ್ತಿಯ ಮರುದಿನ ಇಬ್ಬರೂ ಹೊರಡಲಿದ್ದಾರೆ. ಗ್ರಂಥಪಾಲಕಿಯವರಿಗೆ ಆಯುರಾರೋಗ್ಯ ಒದಗಲಿ, ಅವರ ಓದಿನ ಕೂಟಗಳು ಇನ್ನೂ ಅನೇಕ ಮನೆಗಳಲ್ಲಿ ನಡೆಯಲಿ. ತಡವಾಗಿ ಹೊರಟ ಈ ಇಬ್ಬರು ಬಾಗಿಲು ತಟ್ಟಿದಾಗ, ತೆರೆಯುವವಳು ಅವಳೇ ಆಗಿರಲಿ.