ನಮ್ಮ ಮಾಲ್ಟಾ ಸಂಪುಟ ಬಿದ್ದ ಶುಕ್ರವಾರ

ಆ ಬೀಜ ನನ್ನದು, ಇಸ್ಮಾಯಿಲ್ ಭಾಯಿ. ದಯಾನಂದಣ್ಣನ ಸಮಿತಿಯನ್ನು ಬೀಳಿಸಿದ ಆ ಒಂದು ಖರ್ಜೂರದ ಬೀಜವನ್ನು ಡಬ್ಬಿಗೆ ಹಾಕಿದವನು ನಾನು — ನೀವಲ್ಲ. ಎಲ್ಲರೂ ನಿಮ್ಮತ್ತ ನೋಡಿದಾಗ ಸುಮ್ಮನಿದ್ದವನೂ ನಾನೇ. ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ... ಅದನ್ನೂ ಹೇಳುತ್ತೇನೆ.

ನೆನಪನ್ನು ಸುಲಭವಾಗಿ ನಂಬುವವನಲ್ಲ ನಾನು. ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದುವಾಗ ಅಂಟಿದ ಚಟ — ಎಲ್ಲದಕ್ಕೂ ಸಾಕ್ಷಿ ಕೇಳುವುದು. ಆ ವರ್ಷಗಳ ದುಬೈಯ ನಮ್ಮ ಅಲ್ ನಹ್ದಾ ಬಡಾವಣೆ ಇದ್ದುದಕ್ಕಿಂತ ಚೆಂದವಾಗಿ ಈಗ ಕಾಣುತ್ತಿರಬಹುದು. ನಿಮ್ಮ ಬಾಗಿಲ ಹೊರಗೆ ರಾಶಿ ಬಿದ್ದ ಚಪ್ಪಲಿಗಳು, ಹಾಲಿನ ಕಾರ್ಪೆಟ್ಟಿನ ಮೇಲೆ ಮೊಣಕೈ ಊರಿ ಕನ್ನಡ ಅಕ್ಷರ ತಿದ್ದುತ್ತಿದ್ದ ನಮ್ಮ ಮಕ್ಕಳು, ಜುಮ್ಮಾ ನಮಾಜು ಮುಗಿಸಿ ಬಂದು ನೀವು ತೆರೆಯುತ್ತಿದ್ದ ಬಿರಿಯಾನಿಯ ಪಾತ್ರೆ. ನಿಜಕ್ಕೂ ಪ್ರತಿ ಶುಕ್ರವಾರ ಬಿರಿಯಾನಿ ಇತ್ತೇ? ಗೊತ್ತಿಲ್ಲ. ನನಗಂತೂ ಇತ್ತು ಎಂದೇ ನೆನಪು.

ಮಾಲ್ಟಾವನ್ನು ಆ ಮನೆಗೆ ತಂದವನೂ ನಾನೇ. ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಜೋ ಮಾಲ್ಟಾ ದೇಶದವನು. ಅವನ ಮೇಜಿನ ಮೇಲೊಂದು ಫೋಟೋ — ಪ್ರಮಾಣವಚನದ ದಿನ ಸಾಲಾಗಿ ನಿಂತ ಮಂತ್ರಿಗಳು, ತುದಿಯಲ್ಲಿ ಬೇರೆ ಯಾರದೋ ಟೈ ಕಟ್ಟಿಕೊಂಡ ಅವನ ಅಪ್ಪ. ಒಂದೇ ಸ್ಥಾನದ ಬಹುಮತದ ಸರ್ಕಾರ. ಎರಡು ವರ್ಷ ತುಂಬುವ ಮೊದಲೇ ತನ್ನದೇ ಪಕ್ಷದವನೊಬ್ಬನ ಮತದಿಂದ ಬಿತ್ತು. ಆದರೂ ಜೋ ಆ ಮಂತ್ರಿಗಳ ಹೆಸರು, ಖಾತೆಗಳನ್ನು ಮಗ್ಗಿಯಂತೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಅವನ ಊರಿನಲ್ಲಿ ಅಪ್ಪನನ್ನು ಇಂದಿಗೂ ಮಂತ್ರಿಯೆಂದೇ ಕರೆಯುತ್ತಾರಂತೆ.

ದಯಾನಂದಣ್ಣ ನಮ್ಮ ಕನ್ನಡ ಸಂಘದ ಅಧ್ಯಕ್ಷರಾಗಿ ಒಂದೇ ಮತದಿಂದ ಗೆದ್ದಾಗ ನಾನು ಈ ಕಥೆ ಹೇಳಿದೆ. ಅಂದಿನಿಂದ ನಮ್ಮದು ಮಾಲ್ಟಾ ಸಂಪುಟ. ನಿಮಗೆ ಅನ್ನದ ಖಾತೆ, ನನಗೆ ಮಾತಿನ ಖಾತೆ. ಪಾರ್ಕಿಂಗ್ ಖಾತೆಯನ್ನೂ ನಿಮಗೇ ಹೊರಿಸಲು ಹೋದಾಗ ನೀವು ಅಂದಿರಿ: "ಅಲ್ ನಹ್ದಾದಲ್ಲಿ ಪಾರ್ಕಿಂಗ್ ಮಂತ್ರಿ ಆಗುವುದಕ್ಕಿಂತ ಈಗಲೇ ರಾಜೀನಾಮೆ ಕೊಡುವುದು ಒಳ್ಳೇದು ಮಾರಾಯ್ರೆ." ಮಕ್ಕಳು ಕೂಡ ನಿಮ್ಮನ್ನು 'ಮಿನಿಸ್ಟರ್ ಅಂಕಲ್' ಎನ್ನತೊಡಗಿದರು. ಆ ಹೆಸರು ನಿಮಗೆ ಇಷ್ಟವಾಗಿತ್ತು, ಅಲ್ಲವೇ?

ಗುಟ್ಟಿನ ಮತಕ್ಕೆ ದಯಾನಂದಣ್ಣ ಕಂಡುಹಿಡಿದಿದ್ದ ಕ್ರಮ ನಿಮಗೆ ನೆನಪಿರಬೇಕು. ಒಬ್ಬೊಬ್ಬರಾಗಿ ನಿಮ್ಮ ಅಡುಗೆಮನೆಗೆ ಹೋಗಿ, ಒಂದು ಖರ್ಜೂರ ತೆಗೆದುಕೊಳ್ಳುವುದು. ಒಪ್ಪಿಗೆಯಾದರೆ ಇಡೀ ಖರ್ಜೂರವನ್ನು ಬಟ್ಟೆ ಮುಚ್ಚಿದ ಸ್ಟೀಲ್ ಡಬ್ಬಿಗೆ ಹಾಕಬೇಕು. ಒಪ್ಪದಿದ್ದರೆ ಹಣ್ಣು ತಿಂದು ಬೀಜ ಹಾಕಬೇಕು.

ಆ ಶುಕ್ರವಾರದ ವಿಷಯ ಕನ್ನಡ ತರಗತಿ. ಅದನ್ನು ನಿಲ್ಲಿಸಿ, ಊರಿಂದ ಸಿನಿಮಾ ನಟನನ್ನು ಕರೆಸಿ ದೊಡ್ಡ ಕಾರ್ಯಕ್ರಮ ಮಾಡಬೇಕೆಂದು ದಯಾನಂದಣ್ಣನ ಹಟ. ಸೋತರೆ ಕುರ್ಚಿ ಬಿಡುತ್ತೇನೆ ಎಂದಿದ್ದರು. ನೀವು ಎಲ್ಲರೆದುರೇ ವಿರೋಧಿಸಿದಿರಿ. ಆಮೇಲೆ ಹೇಳಿದಿರಿ: "ನನಗೆ ಇದು ಸರಿ ಕಾಣುವುದಿಲ್ಲ ಅಣ್ಣ. ಆದರೆ ನಿಮ್ಮ ಜೊತೆ ನಿಲ್ಲುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ನಿಲ್ಲುತ್ತೇನೆ."

ನಾನು ದಯಾನಂದಣ್ಣನ ಪರವಾಗಿ ಸೊಗಸಾಗಿ ಭಾಷಣ ಮಾಡಿದೆ. ನನ್ನ ನೌಕರಿ ಅವರು ಕೊಡಿಸಿದ್ದು. ಎದುರು ನಿಂತು ಬೇಡವೆನ್ನಲು ನಾಲಿಗೆ ಏಳಲಿಲ್ಲ. ಆದರೆ ಆ ತರಗತಿಗೆ ಬರುತ್ತಿದ್ದ ನನ್ನ ಮಗಳು ಆ ವಾರವೇ ಅಜ್ಜಿಗೆ ಫೋನಿನಲ್ಲಿ ಮೊದಲ ಬಾರಿ ಕನ್ನಡದಲ್ಲಿ ಉತ್ತರ ಕೊಟ್ಟಿದ್ದಳು — 'ಊಟ ಆಯ್ತು ಅಜ್ಜಿ'. ಅಡುಗೆಮನೆಯಲ್ಲಿ ಒಬ್ಬನೇ ನಿಂತಾಗ ಅದು ನೆನಪಾಯಿತು. ಹಣ್ಣು ತಿಂದೆ.

ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ — ಬಹುಶಃ ಇಡೀ ಖರ್ಜೂರವನ್ನೇ ಹಾಕಿದ್ದೆ, ನೆನಪು ಕಲಸಿಹೋಗಿದೆ ಎಂದು. ಆದರೆ ಹಲ್ಲಿಗೆ ಅಂಟಿದ್ದ ಆ ಸಿಹಿ? ಅದನ್ನು ಅಲ್ಲಗಳೆಯುವ ವಾದ ಈವರೆಗೆ ನನಗೆ ಸಿಕ್ಕಿಲ್ಲ.

ನಮ್ಮ ಕಡೆ ಒಂದು ತಲೆ ಹೆಚ್ಚು ಎಂದು ಎಲ್ಲರಿಗೂ ಗೊತ್ತಿತ್ತು. ಡಬ್ಬಿ ಸುರಿದರೆ, ಖರ್ಜೂರಕ್ಕಿಂತ ಬೀಜ ಒಂದು ಹೆಚ್ಚು. ದಯಾನಂದಣ್ಣ ನಿಮ್ಮನ್ನು ನೋಡಿದರು. "ಮಾತು ಕೊಟ್ಟದ್ದಲ್ವಾ ಇಸ್ಮಾಯಿಲ್?"

"ಕೊಟ್ಟ ಮಾತು ಮುರಿದಿಲ್ಲ ಅಣ್ಣ."

ಆಗ ನಾನು — ಮಾತಿನ ಮಂತ್ರಿ — ಬಾಯಿ ತೆರೆದೆ. "ಮಾಲ್ಟಾದಲ್ಲೂ ಹೀಗೇ ಆದದ್ದು. ಮೊದಲಿನಿಂದ ಅಪಸ್ವರ ಎತ್ತುತ್ತಿದ್ದವನೇ ಕೊನೆಗೆ ಬೀಳಿಸಿದ."

ಎಲ್ಲರೂ ನಕ್ಕರು. ತಮಾಷೆಗೆ ಅಂದೆನೋ, ತಪ್ಪಿಸಿಕೊಳ್ಳಲು ಅಂದೆನೋ... ಇಲ್ಲ, ಈ ಸಂಶಯ ಕೂಡ ಒಂದು ಅಡಗುತಾಣ. ತಪ್ಪಿಸಿಕೊಳ್ಳಲೆಂದೇ ಅಂದೆ. ನಗು ಮುಗಿಯುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ನಮ್ಮ ನಡುವೆ ಇದ್ದ ಒಬ್ಬರೇ ಭಟ್ಕಳದವರು ನೀವು. 'ಅವರನ್ನು ನಂಬಬಾರದಿತ್ತು' ಎಂದು ಲಿಫ್ಟಿನಲ್ಲಿ ಯಾರೋ ಅಂದರು. 'ಅವರನ್ನು' ಎಂದರೆ ಯಾರನ್ನು ಎಂದು ನಾನು ಕೇಳಲಿಲ್ಲ.

ವಾರದ ರಜೆ ಮುಗಿದು ಭಾನುವಾರ ಆಫೀಸಿನಲ್ಲಿ ಜೋಗೆ ಇದನ್ನು ನಗುತ್ತ ಹೇಳಿದೆ, ನನ್ನ ಬೀಜದ ಸುದ್ದಿ ಬಿಟ್ಟು. ಅವನು ನಗಲಿಲ್ಲ. ಅವನ ದೇಶದಲ್ಲಿ ವಿರುದ್ಧ ಮತ ಹಾಕಿದವನು ಎಲ್ಲರೆದುರೇ ಹಾಕಿದನಂತೆ. ಜೋನ ಅಪ್ಪ ಅವನನ್ನು ಕ್ಷಮಿಸಲಿಲ್ಲ, ಆದರೆ ರಸ್ತೆಯಲ್ಲಿ ಸಿಕ್ಕರೆ ಟೋಪಿ ತೆಗೆದು ವಂದಿಸುತ್ತಿದ್ದರಂತೆ.

ಸಮಿತಿ ಹೋಯಿತು. ನೀವು ಸಂಘಕ್ಕೆ ಬರುವುದು ನಿಂತಿತು, ಆಮೇಲೆ ಅಬುಧಾಬಿಗೆ ಮನೆ ಬದಲಿಸಿದಿರಿ. ತರಗತಿ ನಡೆಯುತ್ತಿದ್ದದ್ದೇ ನಿಮ್ಮ ಹಾಲಿನಲ್ಲಿ. ಅದೂ ಖಲಾಸ್. ಮಗಳು ಈಗ ಅಜ್ಜಿಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಯಾವುದನ್ನು ಉಳಿಸಲೆಂದು ಬೀಜ ಹಾಕಿದೆನೋ, ಅದನ್ನೇ ನನ್ನ ಮಾತು ಮುಗಿಸಿತು.

ಒಂದು ಮಾತ್ರ ನಿಮ್ಮನ್ನು ಕೇಳಬೇಕೆನ್ನಿಸುತ್ತದೆ. ನಾನು ಅಡುಗೆಮನೆಯಿಂದ ಹೊರಬಂದಾಗ ನೀವು ನನ್ನ ಕೈಗೆ ಒಂದು ಲೋಟ ನೀರು ಕೊಟ್ಟಿರಿ. ನಿಮಗೆ ಆಗಲೇ ಗೊತ್ತಾಗಿತ್ತೇ?

ಉತ್ತರ ಕೊಡಬೇಕಾಗಿಲ್ಲ. ಈ ಶುಕ್ರವಾರ ದಯಾನಂದಣ್ಣನ ಮನೆಯಲ್ಲಿ ಹಳಬರೆಲ್ಲ ಸೇರುತ್ತಾರೆ. ನಿಮಗೆ ಮೊದಲು ತಿಳಿಯಲಿ ಎಂದಷ್ಟೇ ಇದನ್ನು ಬರೆದೆ. ಅವರಿಗೆ ಬರೆದು ಕೊಡುವುದಿಲ್ಲ — ಎದ್ದು ನಿಂತು, ಅವರ ಮುಖ ನೋಡುತ್ತ ಹೇಳುತ್ತೇನೆ.